ಯಾವ ಹೋರಿ ಅಂತ ಕೇಳ್ರೆವ್ವಾ

ಹೋದ ವಾರ ನಮ್ಮ ಓಣ್ಯಾಗ ಎರಡು ಮನಿ ಆಕಳ ಬೆದಿಗೆ ಬಂದಿದ್ವು. ಎರಡೂ ಮನಿಗೆ ದನದ ದವಾಖಾನಿಯವರು ಬಂದು ಸೂಜಿ ಹಾಕಿ ಹೋದ್ರು. ಸಂಜಿಮುಂದ ಕಟ್ಟಿ ಮ್ಯಾಲೆ ಕುಂತಾಗ ನಾ ಕೇಳಿದೆ, "ಯಾವ ಹೋರೀದು ಹಾಕ್ಸಿದ್ರಿ?" ಒಬ್ಬಾಕಿ "ಎಚ್‌ಎಫ್ ಅಂದ್ರವ್ವಾ" ಅಂದ್ಲು. ಇನ್ನೊಬ್ಬಾಕಿ "ಚಲೋ ಹಾಲಿಂದು ಹಾಕ್ರಿ ಅಂದೆ, ಹಾಕಿದ್ರು" ಅಂದ್ಲು. ಒಂದು ಸೀರಿ ತಗೊಳ್ಳಾಕ ನಾಕು ಅಂಗಡಿ ತಿರಗತೀವಿ, ಸೆರಗು ಬಿಚ್ಚಿ ಬೆಳಕಿಗೆ ಹಿಡದು ನೋಡತೀವಿ. ಮುಂದ ಎಂಟು-ಹತ್ತು ವರ್ಷ ನಾವ ಹಿಂಡಬೇಕಾದ ಆಕಳದ ಅಪ್ಪ ಯಾವುದು ಅಂತ ಮಾತ್ರ ಕೇಳಂಗಿಲ್ಲ.

ನನಗೂ ಬುದ್ಧಿ ಬಂದದ್ದು ಪೆಟ್ಟು ತಿಂದ ಮ್ಯಾಲೇ. ನಮ್ಮ ಗೌರಿ ಮಣಕ ಇದ್ದಾಗ, ಜರ್ಸಿ ಕ್ರಾಸು, ಸಣ್ಣ ಮೈಕಟ್ಟು. ಮೊದಲನೇ ಸಲ ಬೆದಿಗೆ ಬಂತು. "ದೊಡ್ಡ ಹಾಲಿನ ಹೋರೀದು ಹಾಕ್ರಿ" ಅಂತ ನಾನ ಹೇಳಿದೆ. ಹಾಕಿದ್ರು. ಒಂಬತ್ತು ತಿಂಗಳು ಹಿಂಡಿ, ನುಚ್ಚು, ಹಸಿ ಮೇವು ಎಲ್ಲಾ ಹಾಕಿದ್ವಿ. ಈಯೂ ಹೊತ್ತಿಗೆ ಕರದ ಎರಡು ಕಾಲು ಹೊರಗ ಬಂದು ನಿಂತು ಬಿಟ್ಟವು. ರಾತ್ರಿ ಹನ್ನೊಂದರಿಂದ ನಸುಕಿನ ತನಕ ಮೂರು ಮಂದಿ ಜಗ್ಗಿದ್ರು. ಹೋರಿಗರ, ಅಷ್ಟು ದೊಡ್ಡದು ನಾ ನೋಡೇ ಇರಲಿಲ್ಲ, ಸತ್ತ ಬಂತು. ಗೌರಿ ನಾಕು ದಿನ ಏಳಲಿಲ್ಲ. ಚೀಲದಾಗ ಹುಲ್ಲು ತುಂಬಿ ಪಕ್ಕಕ್ಕ ಆನಿಸಿ, ತಾಸು ತಾಸಿಗೆ ಮಗ್ಗಲಾ ಬದಲಿಸಿ, ನಾ ಕೊಟ್ಟಗ್ಯಾಗ ಮಲಗಿದೆ. ಐದನೇ ದಿನ ಎದ್ಲು.

ಸೂಜಿ ಹಾಕಿದವರನ್ನ ಬೈಯೂದು ಸುಲಭ. ಆದ್ರ ನಾ ಕೇಳಿದ್ದ ಹಂಗಿತ್ತಲ್ಲ. "ಹಾಲು" ಅನ್ನೂದೊಂದ ಮಾತು ಗೊತ್ತಿತ್ತು ನನಗ. ಒಂದ ಜಾತಿ ಹೋರಿಗಳೊಳಗನೂ ಕೆಲವು ದೊಡ್ಡ ಕರ ಕೊಡತಾವು, ಕೆಲವು ಹಗೂರ ಈಯೂವಂಥ ಕರ ಕೊಡತಾವು. ಪರದೇಶದಾಗ ಒಂದೊಂದು ಹೋರಿಗೂ ಅದನ್ನ ಲೆಕ್ಕ ಹಾಕಿ ಪಟ್ಟಿಯೊಳಗ ಬರದಿರತಾರ. ಮಣಕಕ್ಕ ಮೊದಲ ನೋಡಬೇಕಾದ್ದು ಅದು, ಹಾಲು ಆಮ್ಯಾಲೆ.

ಇನ್ನ ಹಾಲಿನ ಮಾತು. ಹೋರಿ ಹಾಲು ಕೊಡಂಗಿಲ್ಲ, ನಗಬ್ಯಾಡ್ರಿ, ಇಡೀ ತೊಡಕು ಇರೂದು ಇಲ್ಲೇ. "ಇದರ ತಾಯಿ 20 ಲೀಟರ್ ಕೊಡತಿತ್ತು" ಅಂತ ಹೇಳತಾರ. ತಾಯಿ ಹಾಲು ಅರ್ಧ ಮಾತು. ಆ ತಾಯಿಗೆ ಎಂಥಾ ಮೇವು ಇತ್ತು, ಎಂಥಾ ನೆರಳಿತ್ತು, ಯಾರು ಬಲ್ಲರು? ನಾ ಇದನ್ನ ಜ್ವಾಳದ ಲೆಕ್ಕದಾಗ ತಿಳಕೊಂಡೀನಿ. ಒಂದು ಮನಿ ರೊಟ್ಟಿ ತಿಂದು ಜ್ವಾಳ ಚಲೋ ಅಂದ್ರ ಆಗಂಗಿಲ್ಲ, ಆಕಿ ಕೈನ ಚಲೋ ಇರಬಹುದು. ಅದ ಜ್ವಾಳ ಐವತ್ತು ಮನಿಗೆ ಕೊಟ್ಟು, ಸೊಟ್ಟ ರೊಟ್ಟಿ ಮಾಡಾಕಿ ಮನಿಯಾಗೂ ಆಕಿ ದಿನಾ ಮಾಡೂದಕ್ಕಿಂತ ಮೆತ್ತಗ ಬಂತು ಅಂದ್ರ ಆಗ ಜ್ವಾಳದ ಗುಣ. ಹೋರಿ ಪರೀಕ್ಷೆನೂ ಹಿಂಗ. ಅದರ ಹೆಣ್ಣುಮಕ್ಕಳು ಬ್ಯಾರೆ ಬ್ಯಾರೆ ಊರಾಗ, ಬ್ಯಾರೆ ಬ್ಯಾರೆ ಮನಿಯಾಗ ಹಿಂಡತಿರತಾವು. ತಿಂಗಳಿಗೊಮ್ಮೆ ಹಾಲು ಅಳದು ಬರಕೊಳ್ಳತಾರ, 305 ದಿನದ ಲೆಕ್ಕಕ್ಕ ತರತಾರ. ಮನಿ, ಮೇವು, ಕಾಲಮಾನದ ಫರಕು ಕಳದು ಉಳದದ್ದು ಹೋರಿ ಪಾಲಿಂದು. ಎಷ್ಟು ಹೆಚ್ಚು ಹೆಣ್ಣುಮಕ್ಕಳ ಲೆಕ್ಕ ಸೇರತೈತೋ ಅಷ್ಟು ಆ ಅಂಕಿ ನಂಬಬಹುದು. ಹೋರಿಯಿಂದ ಬೀಜ ತಗೊಂಡು, ಕರ ಹುಟ್ಟಿ, ಅದು ಬೆಳದು ಗಬ್ಬಾಗಿ, ಈದು, ಹಾಲು ಅಳಿಯೂ ಹೊತ್ತಿಗೆ ಐದಾರು ವರ್ಷ ಹೋಗತಾವು. ಈಗ ಕರದ ರಕ್ತ, ಕೂದಲದಿಂದ ಡಿಎನ್ಎ ನೋಡಿ ಮೊದಲ ಅಂದಾಜು ಮಾಡತಾರ, ಎನ್‌ಡಿಡಿಬಿಯವರೂ ಅದನ್ನ ನಡಸ್ಯಾರ. ಆದ್ರ ಆ ಅಂದಾಜಿಗೂ ಬುನಾದಿ ಯಾರೋ ಹೆಣ್ಣಮಗಳು ಹಿಂಡಿ ಅಳದು ಬರಸಿದ ಹಾಲ.

ಇಷ್ಟಾದ ಮ್ಯಾಲೂ ದೊಡ್ಡ ಅಂಕಿ ಕಂಡ ಕೂಡಲೇ ಬೀಳಬ್ಯಾಡ್ರಿ. ಅಮೆರಿಕದಾಗ 1962ರಾಗ ಹುಟ್ಟಿದ ಚೀಫ್ ಅನ್ನೂ ಹೋಲ್‌ಸ್ಟೀನ್ ಹೋರಿ ಇತ್ತು. ಹಾಲಿನಾಗ ಅದರ ವಂಶಕ್ಕ ಸರಿಸಾಟಿ ಇರಲಿಲ್ಲ. ಹೆಣ್ಣುಮಕ್ಕಳ 16,000, ಮೊಮ್ಮಕ್ಕಳು 5 ಲಕ್ಷ. ಅದರ ರಕ್ತದಾಗ ಒಂದು ದೋಷ ಅಡಗಿತ್ತು. ತಂದಿ ಕಡೆಯಿಂದಷ್ಟ ಬಂದ್ರ ಏನೂ ಆಗಂಗಿಲ್ಲ, ತಾಯಿ ಕಡೆಯಿಂದನೂ ಅದ ಬಂದು ಕೂಡಿದ್ರ ಗರ್ಭ ಕಳಚತೈತಿ. ಅದು ತಿಳಿಯೂದರೊಳಗ ಜಗತ್ತಿನ್ಯಾಗ 5 ಲಕ್ಷಕ್ಕೂ ಮಿಕ್ಕಿ ಗರ್ಭ ಹೋಗ್ಯಾವು ಅಂತ ವಿಜ್ಞಾನಿಗಳ ಲೆಕ್ಕ. ಹಾಲಿನ ಅಂಕಿ ಸುಳ್ಳಾಗಿರಲಿಲ್ಲ. ಎಲ್ಲಾರೂ ಅದ ಹೋರಿ ಬೇಕಂದ್ರಲ್ಲ, ಅದು ಮುಳುವಾತು. ರೇಸಿನ ಥರೋಬ್ರೆಡ್ ಕುದುರಿಯೊಳಗ ಸೂಜಿ ಹಾಕೂದನ್ನ ಒಪ್ಪಂಗಿಲ್ಲ, ಗಂಡು ಕುದುರಿನ ಖುದ್ದು ಕೂಡಬೇಕು, ಹಿಂಗಾಗಿ ಎಂಥಾ ಗೆದ್ದ ಕುದುರಿ ಇದ್ರೂ ವರ್ಷಕ್ಕ ಇಷ್ಟ ಮರಿ ಅಂತ ತಾನ ಮಿತಿ ಬೀಳತೈತಿ. ಆಕಳಕ್ಕ ಆ ಮಿತಿ ಇಲ್ಲ. ಒಂದ ಹೋರಿಯಿಂದ ಲಕ್ಷಗಟ್ಟಲೆ ಕಡ್ಡಿ ತುಂಬತಾರ.

ಅದು ಅಮೆರಿಕದ ಮಾತಾತು, ನಮ್ಮ ಊರಿಂದ ಕೇಳ್ರಿ. ಕಡ್ಡಿ ಇಡೂ ಸಿಲಿಂಡರಿನ್ಯಾಗ ಸೊನ್ನೆಕ್ಕಿಂತ 196 ಡಿಗ್ರಿ ಕೆಳಗಿನ ಥಂಡಿ ಇರತೈತಿ. ಹೋರಿ ಸತ್ತು ವರ್ಷಾದ್ರೂ ಅದರ ಬೀಜ ಹಂಗ ಉಳಿತೈತಿ. ಗೌರಿ ಎರಡನೇ ಸಲ ಹೆಣ್ಣಗರ ಈದ್ಲು, ಲಕ್ಷ್ಮಿ. ಆವಾಗಿಂದ ನಾ ಹಾಲಿನ ವಹಿಯ ಹಿಂದಿನ ಹಾಳ್ಯಾಗ ಕಡ್ಡಿ ಮ್ಯಾಲಿನ ಹೋರಿ ನಂಬರ್ ಬರಕೊಳ್ಳಾಕತ್ತಿದ್ದೆ. ಎರಡೂವರೆ ವರ್ಷಕ್ಕ ಲಕ್ಷ್ಮಿ ಬೆದಿಗೆ ಬಂದಾಗ ಕಡ್ಡಿ ತೆಗದ್ರು, ಓದಿ ಹೇಳ್ರಿ ಅಂದೆ. ಅದ ನಂಬರ್! ಆಕಿ ಅಪ್ಪಂದ ಬೀಜ. "ಏನಾಗತೈತಿ ಬಿಡ್ರಿ ಅಕ್ಕಾರ, ಬೆದಿ ಹೋಗಿಬಿಡತೈತಿ" ಅಂದ್ರು. ಹೋದ್ರ ಹೋಗಲಿ ಅಂದೆ. ನಮ್ಮ ಯಜಮಾನ್ರು ಎದುರಿಗೇ ಮಾರಿ ಗಂಟು ಹಾಕಿ ನಿಂತಿದ್ರು. 21 ದಿನ ತಡ, 21 ದಿನದ ಮೇವಿನ ಖರ್ಚು, ನನಗೂ ಗೊತ್ತಿತ್ತು. ಅಪ್ಪಂದು ಮಗಳಿಗೆ ಹಾಕ್ಸಿ ಸೊರಗಿದ ಕರ ಕಟ್ಟಕೊಳ್ಳೂದಕ್ಕಿಂತ ಅಗ್ಗ.

ಫೋನ್ ಮಾಡೂದು ಗಂಡಸರು, ಬೀಜ ತರೂದು ಗಂಡಸರು. ಆದ್ರ ಲಕ್ಷ್ಮಿ ಮೊಲಿ ಸಣ್ಣು, ಮುಷ್ಟಿಗೆ ಸಿಗಂಗಿಲ್ಲ, ಹಿಂಡಿದ ಮ್ಯಾಲೆ ಬಟ್ಟು ನೋಯತಾವು ಅನ್ನೂದು ನನಗ ಗೊತ್ತು, ಅವರಿಗಲ್ಲ. ಕೆಚ್ಚಲ ಜೋತು ಬೀಳತೈತೋ, ಹಿಂಗಾಲು ಗಟ್ಟಿ ಅದಾವೋ, ಇವೂ ವಂಶದಾಗ ಬರೂವು, ಹೋರಿ ನೋಡೂವಾಗ ಇವನ್ನೂ ಲೆಕ್ಕ ಹಾಕತಾರ. ಮತ್ತ ಜವಾರಿ ಆಕಳಕ್ಕ ಶುದ್ಧ ಎಚ್‌ಎಫ್ ಹಾಕ್ಸಿದ್ರ ಕರದಾಗ ಅರ್ಧ ರಕ್ತ ಅದರದು. ಅದಕ್ಕ ಮತ್ತ ಅದ ಹಾಕ್ಸಿದ್ರ ಮುಕ್ಕಾಲು, ಮತ್ತೊಮ್ಮೆ ಹಾಕ್ಸಿದ್ರ ನೂರಕ್ಕ ಎಂಬತ್ತೇಳೂವರೆ. ನಮ್ಮ ಕಡೆ ಬ್ಯಾಸಿಗ್ಯಾಗ ಆ ಆಕಳ ನಾಲಿಗಿ ಹೊರಗ ಹಾಕಿ ತೇಕತಿರತೈತಿ, ಫ್ಯಾನ್ ಹಚ್ಚಾಕ ಕರೆಂಟ್ ಇರಂಗಿಲ್ಲ. ಅಂಥಾಕಿಗೆ ಕ್ರಾಸ್ ಹೋರೀದ ಕೇಳೂದು ಶಾಣ್ಯಾತನ.

"ಸಿಲಿಂಡರಿನ್ಯಾಗ ಎರಡ ಥರ ಇರತಾವು, ಕೇಳಿ ಏನ ಮಾಡೂದು?" ಅಂತ ನಮ್ಮ ವೈನಿ ಅಂತಾರ. ಖರೇ ಐತಿ. ಅದಕ್ಕ ನಾ ಬೆದಿ ಬಂದ ದಿನ ಕ್ಯಾಲೆಂಡರಿಗೆ ಗುರುತು ಹಾಕತೀನಿ. 18ನೇ ದಿನಕ್ಕನ ಫೋನ್ ಮಾಡಿ, ಇಂಥಾದ್ದು ಬೇಕು, ಇಂಥಾ ನಂಬರಿಂದು ಬ್ಯಾಡ, ಬರೂವಾಗ ತರ್ರಿ ಅಂತ ಹೇಳತೀನಿ. ಕಿವಿಯಾಗಿನ ಬಿಲ್ಲೆದ 12 ಅಂಕಿ ನೋಡಿ ಬರಕೊಳ್ರಿ ಅಂತನೂ ಹೇಳತೀನಿ. ಒಬ್ಬಾಕಿ ಕೇಳಿದ್ರ ಜಗಳಗಂಟಿ ಅಂತಾರ. ಓಣಿ ಎಲ್ಲಾ ಕೇಳಿದ್ರ ಮೂರನೇ ಥರದ ಕಡ್ಡಿನೂ ಬರತೈತಿ.

ಲಕ್ಷ್ಮಿಗೆ 21 ದಿನದ ಮ್ಯಾಲೆ ಬ್ಯಾರೆ ನಂಬರಿಂದು ಹಾಕ್ಸಿದೆ, ಜರ್ಸೀದು. ಮೊದಲನೇ ಈತ, ನಾ ಅಂಜಿ ರಾತ್ರಿ ಎಲ್ಲಾ ಲಾಟೀನು ಹಿಡಕೊಂಡು ಕುಂತಿದ್ದೆ. ನಡುಕ ಚಾ ಕಾಸಾಕ ಒಳಗ ಹೋದೆ ನೋಡ್ರಿ, ಬರೂದರೊಳಗ ಈದು ಕರಾ ನೆಕ್ಕಾಕತ್ತಿದ್ಲು. ಗಿಣ್ಣ ಓಣಿಗೆಲ್ಲಾ ಕೊಟ್ಟೀನಿ, ಯಾರಿಗರೆ ಮುಟ್ಟಿಲ್ಲಂದ್ರ ಮುಂದಿನ ಸಲ. ಸೂಜಿ ಹಾಕಿಸಿದ ಆ ಎರಡು ಮನಿಯವರು ಮಾತ್ರ ನಾಳೆ ದವಾಖಾನಿಗೆ ಫೋನ್ ಮಾಡಿ ನಂಬರ್ ಕೇಳಿ ಬರದಿಡ್ರಿ, ಇನ್ನೂ ಅವರ ವಹಿಯಾಗ ಇರತೈತಿ.