ರೆಡ್‌ಸ್ಟೋನ್ ಮತ್ತು ನಮ್ಮ ನವೆಂಬರ್ ಕನ್ನಡ

ನವೆಂಬರ್ ಬಂತೆಂದರೆ ಹೊರನಾಡಿನ ನಾವು ಮಕ್ಕಳಿಂದ ಎರಡು ಭಾವಗೀತೆ ಹಾಡಿಸುತ್ತೇವೆ. ಮಿಕ್ಕ ಹನ್ನೊಂದು ತಿಂಗಳು ಅವರಿಗೆ ಕನ್ನಡ ಬರುತ್ತಿಲ್ಲವೆಂದು ಕೊರಗುತ್ತೇವೆ. ಈ ಕೊರಗು ಕಪಟವೆಂಬುದು ನಮ್ಮ ವಾದ. ಮಕ್ಕಳು ನಿಜವಾಗಿ ಯೋಚಿಸುವ ಜಾಗಕ್ಕೆ ನಾವು ಕನ್ನಡವನ್ನು ಕರೆದೊಯ್ಯುವುದೇ ಇಲ್ಲ.

ವೇಲಚೇರಿಯ ನಮ್ಮ ಮನೆಯಲ್ಲಿ ಹನ್ನೆರಡರ ಹುಡುಗ ಮೈನ್‌ಕ್ರಾಫ್ಟ್ ಆಡುತ್ತಾನೆ. ಬ್ಲಾಕಿನ ಮೇಲೆ ಬ್ಲಾಕ್ ಪೇರಿಸಿ ಲೋಕ ಕಟ್ಟುವ ಕಂಪ್ಯೂಟರ್ ಆಟ. ಕಾಲಹರಣವೆಂದು ನಾವು ಗದರಿದ್ದೇ ಹೆಚ್ಚು. ಒಂದು ಸಂಜೆ ಕರೆದ: "ಅಪ್ಪಾ, ಮಿಚಾಂಗ್ ಬಂದಾಗ ನಮ್ಮ ಬೀದಿಗೆ ನೀರು ನುಗ್ಗಿತಲ್ಲ, ಅದಕ್ಕೊಂದು ಅಲಾರಂ ಮಾಡಿದೀನಿ." 2023ರ ಡಿಸೆಂಬರಿನ ನೀರನ್ನು ಅವನು ಮರೆತಿಲ್ಲ.

ಆ ಆಟದಲ್ಲಿ ರೆಡ್‌ಸ್ಟೋನ್ ಎಂಬ ಕೆಂಪು ಪುಡಿಯಿದೆ. ಗೆರೆಯಾಗಿ ಉದುರಿಸಿದರೆ ಅದೇ ತಂತಿ. ಸಿಗ್ನಲ್ 15ರ ಬಲದಲ್ಲಿ ಹೊರಟು ಬ್ಲಾಕಿಗೊಂದರಂತೆ ಕುಗ್ಗುತ್ತದೆ. ಇನ್ನೂ ದೂರ ಸಾಗಬೇಕಾದರೆ ನಡುವೆ ರಿಪೀಟರ್ ಇಡಬೇಕು. ರೆಡ್‌ಸ್ಟೋನ್ ದೀವಟಿಗೆಯದು ತಿರುಗುಮುರುಗು ಸ್ವಭಾವ: ಅದನ್ನು ಸಿಕ್ಕಿಸಿದ ಬ್ಲಾಕಿಗೆ ಸಿಗ್ನಲ್ ಬಂದರೆ ಆರುತ್ತದೆ, ನಿಂತರೆ ಉರಿಯುತ್ತದೆ. ಹುಡುಗ ತಗ್ಗಿನಲ್ಲಿ ಗೆರೆ ಎಳೆದು, ಸಿಗ್ನಲ್ ಸದಾ ಹರಿಯುವಂತೆ ಮಾಡಿ, ಎತ್ತರದಲ್ಲಿ ದೀವಟಿಗೆ ಇಟ್ಟಿದ್ದ. ನೀರು ಬಿಟ್ಟ. ಆಟದ ನೀರು ಪುಡಿಯನ್ನು ಕೊಚ್ಚಿಕೊಂಡು ಹೋಗುತ್ತದೆ. ಗೆರೆ ಕಡಿಯಿತು, ದೀವಟಿಗೆ ಹೊತ್ತಿತು, ಪಕ್ಕದ ದೀಪ ಬೆಳಗಿತು. ತಂತಿ ಕಡಿದರೆ ಸಿಗ್ನಲ್ ತಾನಾಗಿ ಕೆಂಪಿಗೆ ಮರಳಬೇಕೆಂಬ ರೈಲ್ವೆಯ ನೀತಿಯೂ ಇದೇ. ವೇಲಚೇರಿ ನಿಲ್ದಾಣದಲ್ಲಿ ದಿನವೂ ರೈಲು ಹತ್ತುವ ನಾವು ಅದನ್ನು ಯೋಚಿಸಿದವರೇ ಅಲ್ಲ.

ಅವನು ವಿವರಿಸಿದ್ದು ಅರ್ಧ ಇಂಗ್ಲಿಷಿನಲ್ಲಿ, ಕಾಲು ತಮಿಳಿನಲ್ಲಿ. "ಯಾಕೆ ಹೊತ್ತಿತು? ಕನ್ನಡದಲ್ಲಿ ಹೇಳು" ಎಂದೆವು. ತಡವರಿಸಿ, "ಸಿಗ್ನಲ್ ಸತ್ತಿತು, ಅದಕ್ಕೇ ಇದು ಎದ್ದಿತು" ಎಂದ. ಎಂ.ಎ. ಇಂಗ್ಲಿಷ್ ಮುಗಿಸಿ ಸರ್ಕಾರಿ ಕಡತಗಳಲ್ಲಿ ಸವೆದ ನಾವು ಇಷ್ಟು ಚೊಕ್ಕ ವಾಕ್ಯ ಬರೆದು ಎಷ್ಟು ಕಾಲವಾಯಿತೋ! 'ಪುನರಾವರ್ತಕ' ಎಂದು ತಿದ್ದಹೊರಟಿದ್ದರೆ ಮಾತು ಅಲ್ಲಿಗೇ ನಿಲ್ಲುತ್ತಿತ್ತು. ರಿಪೀಟರ್ ರಿಪೀಟರೇ ಆಗಿರಲಿ. 'ಆದರೆ', 'ಇಲ್ಲದಿದ್ದರೆ', 'ಅದಕ್ಕೇ' ಎಂಬವು ಕನ್ನಡದವಾಗಲಿ, ತರ್ಕವಿರುವುದು ಅಲ್ಲಿ.

ಆಟ ಚಟವಾಗುತ್ತದೆಂಬ ಆಕ್ಷೇಪ ಬಲ್ಲೆವು. ಆಗುತ್ತದೆ, ಅದಕ್ಕೆ ಗಡಿಯಾರವಿದೆ. ಆದರೆ ಇದೇ ತರ್ಕವನ್ನು ಇಂಗ್ಲಿಷಿನಲ್ಲಿ ಉರುಹೊಡೆಸುವ ಶನಿವಾರದ ಕೋಡಿಂಗ್ ತರಗತಿಗೆ ಸಾವಿರಗಟ್ಟಲೆ ತೆತ್ತು, ಮನೆಯಲ್ಲಿ ಪುಕ್ಕಟೆ ನಡೆಯುವ ಪಾಠವನ್ನು ಗದರಿ ನಿಲ್ಲಿಸುವುದು ಯಾವ ನ್ಯಾಯ?

ಆಟದ ಜಾವಾ ಆವೃತ್ತಿಯ ಭಾಷಾಪಟ್ಟಿಯಲ್ಲಿ ಕನ್ನಡವೂ ಇದೆ, ಸ್ವಯಂಸೇವಕರ ಅನುವಾದ. ನಾವು ಅದನ್ನು ಒತ್ತಿ ನೋಡಿದ್ದು ಕಳೆದ ಭಾನುವಾರ. ಒಂದೆರಡು ಪದ ಹುಡುಗನಿಗೆ ಒಪ್ಪಿಗೆಯಾಗಲಿಲ್ಲ. ಬೇರೇನಿರಬೇಕೆಂದು ಊಟದ ಹೊತ್ತಿನವರೆಗೂ ವಾದ ನಡೆಯಿತು, ಕನ್ನಡದಲ್ಲೇ.