ವಣಿಗ್ವಿದ್ಯೆಯ ಅಂತೇವಾಸಿಗಳು

ಗುರುವಿನ ಸಮೀಪದಲ್ಲಿಯೇ ವಾಸಮಾಡಿಕೊಂಡು ಓದುವವನಿಗೆ ಸಂಸ್ಕೃತದಲ್ಲಿ ಅಂತೇವಾಸಿಯೆಂದು ಹೆಸರು. ಲಾಭನಷ್ಟಗಳ ಲೆಕ್ಕವನ್ನು ಕಲಿಯಹೋದವರಿಗೆ ಈ ಮಾತು ಒಪ್ಪುವುದೆಂದು ನಾನು ಎಂದೂ ಎಣಿಸಿರಲಿಲ್ಲ. ವ್ಯಾಪಾರವನ್ನು ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತು ಕಲಿಯತಕ್ಕದ್ದು, ಅದಕ್ಕೆ ವಿಶ್ವವಿದ್ಯಾನಿಲಯವೇಕೆ ಎಂಬುದು ನನ್ನ ಹಳೆಯ ಅಭಿಪ್ರಾಯ. ನನ್ನ ತಮ್ಮನ ಮಗಳು ಅಮೆರಿಕಕ್ಕೆ ಹೋಗಿ ಎರಡು ವರ್ಷ ಇದನ್ನೇ ಓದಿಬಂದ ಮೇಲೆ ಆ ಅಭಿಪ್ರಾಯವು ಕೊಂಚ ಸಡಿಲಿದೆ. ಪೂರ್ತಿಯಾಗಿ ಬಿಟ್ಟುಹೋಯಿತೆಂದು ಹೇಳಲಾರೆ.

ಅವಳು ಓದಿದ್ದು ನ್ಯೂ ಹ್ಯಾಂಪ್‌ಷೈರ್ ಸಂಸ್ಥಾನದ ಹ್ಯಾನೋವರ್ ಎಂಬ ಊರಿನಲ್ಲಿ. ಕನೆಕ್ಟಿಕಟ್ ನದಿಯ ದಡದಲ್ಲಿರುವ ಈ ಊರಿನ ಜನಸಂಖ್ಯೆ ೧೨,೦೦೦ದ ಆಸುಪಾಸು. ೧೭೬೯ರಲ್ಲಿ ಸ್ಥಾಪಿತವಾದ ಡಾರ್ಟ್‌ಮತ್ ಕಾಲೇಜು ಅಲ್ಲಿದೆ. ಹೆಸರು ಕಾಲೇಜೆಂದಿದ್ದರೂ ಅದು ವಿಶ್ವವಿದ್ಯಾನಿಲಯವೇ. ಅದರ ಹಳೆಯ ವಿದ್ಯಾರ್ಥಿಯೂ ಪ್ಯಾರಿಸ್ಸಿನಲ್ಲಿ ನೆಲೆಸಿದ್ದ ಧನಿಕನೂ ಆದ ಎಡ್ವರ್ಡ್ ಟಕ್ ಎಂಬಾತನು ತನ್ನ ತಂದೆಯ ಸ್ಮರಣಾರ್ಥವಾಗಿ ರೈಲ್ವೆ ಕಂಪನಿಯೊಂದರ ಷೇರುಗಳನ್ನು ದಾನಮಾಡಿದನು. ಅವುಗಳ ಬೆಲೆ ಆಗಿನ ೩ ಲಕ್ಷ ಡಾಲರು. ಹೀಗೆ ೧೯೦೦ರಲ್ಲಿ ಟಕ್ ಶಾಲೆ ಹುಟ್ಟಿತು. ಪದವೀಧರರಿಗೆ ವ್ಯಾಪಾರಾಡಳಿತವನ್ನು ಬೋಧಿಸುವುದಕ್ಕಾಗಿ ಏರ್ಪಟ್ಟ ಶಾಲೆಗಳಲ್ಲಿ ಇದೇ ಮೊದಲನೆಯದು. ಇಲ್ಲಿಂದ ಮೊದಲ ಹೆಣ್ಣುಮಗಳು ಪದವಿಯನ್ನು ಪಡೆದು ಹೊರಬಂದುದು ೧೯೭೦ರಲ್ಲಿ. ಅಷ್ಟಕ್ಕೆ ೭೦ ವರ್ಷ ಹಿಡಿಯಿತೆಂಬುದನ್ನು ನಮ್ಮ ವಾಚಕ ಭಗಿನಿಯರು ಗಮನಿಸಬೇಕು.

ಹಾರ್ವರ್ಡಿನ ವ್ಯಾಪಾರ ಶಾಲೆಯಲ್ಲಿ ಒಂದೊಂದು ವರ್ಷಕ್ಕೆ ೯೦೦ಕ್ಕೂ ಮೇಲ್ಪಟ್ಟು ವಿದ್ಯಾರ್ಥಿಗಳಿರುತ್ತಾರೆ. ಇಲ್ಲಿ ೩೦೦ರ ಆಸುಪಾಸು. ಊರು ಚಿಕ್ಕದು, ಬಾಸ್ಟನ್ ನಗರ ಮೋಟಾರಿನಲ್ಲಿ ಎರಡು ಗಂಟೆಗೂ ಮೇಲ್ಪಟ್ಟ ದಾರಿ, ಚಳಿಗಾಲದಲ್ಲಿ ಮೊಣಕಾಲುದ್ದ ಹಿಮ. ಸಂಜೆ ಹೋಗುವುದಾದರೂ ಎಲ್ಲಿಗೆ? ಒಬ್ಬರ ಮನೆಗೆ ಇನ್ನೊಬ್ಬರು ಹೋಗಬೇಕು. ಮದುವೆಯಾದವರು ಸಂಸಾರಸಮೇತರಾಗಿ ಬಂದಿರುತ್ತಾರೆ. ಗಂಡನಾಗಲಿ ಹೆಂಡತಿಯಾಗಲಿ ಮಕ್ಕಳಾಗಲಿ ಶಾಲೆಯ ಬಳಗದವರೆಂದೇ ಲೆಕ್ಕ. ಎಂಟು ಹತ್ತು ಮಂದಿ ಒಂದು ಮನೆಯಲ್ಲಿ ಊಟಕ್ಕೆ ಸೇರಿ ತಮ್ಮ ತಮ್ಮ ಬಾಳಿನ ಕಥೆಯನ್ನು ಹೇಳಿಕೊಳ್ಳುವುದು ಅಲ್ಲಿನ ಒಂದು ಪದ್ಧತಿ. ಮತ್ತೊಂದು, ಮಂಜುಗಡ್ಡೆಯ ಮೇಲಿನ ಹಾಕಿ. ಹುಟ್ಟಿದಂದಿನಿಂದ ಮಂಜುಗಡ್ಡೆಯ ಮೇಲೆ ಕಾಲಿಡದವರಿಗೆಂದೇ ಪ್ರತ್ಯೇಕ ಪಂಗಡವುಂಟು. ಅವರು ಬೀಳದಿರಲೆಂದು ಕೋಲನ್ನೇ ಮೂರನೆಯ ಕಾಲಾಗಿ ಊರಿಕೊಳ್ಳುವುದರಿಂದ ಆ ಆಟಕ್ಕೆ ಮುಕ್ಕಾಲಿ ಹಾಕಿಯೆಂದೇ ಹೆಸರು. ನಮ್ಮ ಹುಡುಗಿಯೂ ಆಡಿದಳಂತೆ. ಎಷ್ಟು ಸಲ ಬಿದ್ದಳೆಂಬುದನ್ನು ತಾಯಿಗೆ ಬರೆಯಲಿಲ್ಲ, ನನಗೆ ಬರೆದಳು. (ಈಗಿನ ಪತ್ರಗಳಿಗೆ ಅಂಚೆಚೀಟಿ ಬೇಕಿಲ್ಲ, ಆದುದರಿಂದ ಉದ್ದವಾಗಿಯೇ ಬರುತ್ತಿದ್ದುವು.)

ಈ ಸ್ನೇಹವು ನಿಜವೋ ಸಂತೆಯ ಸ್ನೇಹವೋ ಎಂದು ನಾನು ಸಂಶಯಪಟ್ಟುದುಂಟು. ಮುಂದೆ ದೊಡ್ಡ ಸಂಬಳದ ಕುರ್ಚಿಗಳಲ್ಲಿ ಕೂರುವವರು ಒಬ್ಬರ ಕೈಯನ್ನೊಬ್ಬರು ಈಗಲೇ ಹಿಡಿದುಕೊಳ್ಳುವುದರಲ್ಲಿ ಲೆಕ್ಕಾಚಾರವಿಲ್ಲವೆ? ಹಳೆಯ ವಿದ್ಯಾರ್ಥಿಗಳಲ್ಲಿ ಮೂರರಲ್ಲಿ ಎರಡು ಪಾಲಿನಷ್ಟು ಜನ ಒಂದೇ ವರ್ಷದಲ್ಲಿ ಶಾಲೆಗೆ ಕಾಣಿಕೆಯನ್ನು ಕಳುಹಿಸಿದುದುಂಟಂತೆ. ಕೃತಜ್ಞತೆಯೋ, ಬಳಗದಲ್ಲಿ ಹೆಸರುಳಿಸಿಕೊಳ್ಳುವ ಆಸೆಯೋ? ಎರಡೂ ಇರಬಹುದು. ಅಲ್ಲಿನ ಎರಡು ವರ್ಷದ ವೆಚ್ಚವೂ ನಮ್ಮಂಥವರ ಮನೆಗಳಿಗೆ ಎಟುಕತಕ್ಕದ್ದಲ್ಲ. ನನ್ನ ತಮ್ಮನು ಸಾಲದ ಕಾಗದಕ್ಕೆ ಸಹಿ ಹಾಕಿದ ರಾತ್ರಿ ನಿದ್ರೆಮಾಡಲಿಲ್ಲ.

ಆದರೆ ನಾನು ಹೇಳಹೊರಟುದು ಬೇರೊಂದು ಸಂಗತಿ. ಅಲ್ಲಿ ಮೊದಲನೆಯ ವರ್ಷದವರನ್ನು ಐದಾರು ಮಂದಿಯ ಗುಂಪುಗಳನ್ನಾಗಿ ಶಾಲೆಯೇ ವಿಂಗಡಿಸುತ್ತದೆ. ಒಬ್ಬ ಬ್ಯಾಂಕಿನವನು, ಒಬ್ಬ ಸಿಪಾಯಿಯಾಗಿದ್ದವನು, ಒಬ್ಬಳು ಪಾಠ ಹೇಳುತ್ತಿದ್ದವಳು, ಹೀಗೆ ಬೇರೆ ಬೇರೆ ಕಸುಬಿನವರು, ಬೇರೆ ಬೇರೆ ದೇಶದವರು. ಯಾವುದೋ ಕಂಪನಿ ಕೆಟ್ಟ ಕಥೆಯನ್ನು ಕೈಗಿತ್ತು, ಕಾರಣವನ್ನೂ ಉಪಾಯವನ್ನೂ ಕೂಡಿ ಬರೆದುತನ್ನಿರೆಂದು ಹೇಳುವರು. ನಮ್ಮವಳು ಮೊದಲ ತಿಂಗಳೆಲ್ಲ ಏನು ಮಾಡಿದಳೆಂದರೆ, ರಾತ್ರಿ ಒಬ್ಬಳೇ ಕುಳಿತು ಲೆಕ್ಕವನ್ನೆಲ್ಲ ಮುಗಿಸಿ, ಬೆಳಿಗ್ಗೆ ಉಳಿದವರ ಮುಂದೆ ಇಟ್ಟುಬಿಡುವಳು. ಉತ್ತರ ಸರಿಯಾಗಿಯೇ ಇರುತ್ತಿತ್ತು. ಆದರೂ ಒಂದು ದಿನ ಆ ಸಿಪಾಯಿಯು, ನಿನ್ನ ಉತ್ತರವನ್ನು ನಾವು ತರಗತಿಯಲ್ಲಿ ಹೇಗೆ ಸಮರ್ಥಿಸುವುದು, ನಮಗೆ ಅದು ತಿಳಿಯದಲ್ಲ ಎಂದು ಕೇಳಿದನಂತೆ. ಉಳಿದವರೂ ತಲೆದೂಗಿದರು. ಇವಳಿಗೆ ಅವಮಾನವಾಯಿತು. ಊರಿಗೆ ಬಂದುಬಿಡುತ್ತೇನೆಂದು ನನಗೆ ಬರೆದಳು.

ವಿದ್ಯೆಯ ಒಂದು ಪಾಲು ಸಹಾಧ್ಯಾಯಿಗಳಿಂದ ದೊರೆಯುವುದೆಂದು ಹಿರಿಯರು ಹೇಳಿರುವುದನ್ನು ನಾನು ಎಷ್ಟೋ ಸಭೆಗಳಲ್ಲಿ ವ್ಯಾಖ್ಯಾನಮಾಡಿದ್ದೇನೆ. ತರಗತಿಯಲ್ಲಿ ಮಾತ್ರ ಮೂವತ್ತೈದು ವರ್ಷ ನಾನು ಹೇಳಿಕೊಟ್ಟುದು ಒಂದೇ: ಪಕ್ಕದವನಿಗೆ ಸ್ಲೇಟು ತೋರಿಸಬೇಡ. ಈ ಹುಡುಗಿಯೂ ನಾಲ್ಕನೆಯ ತರಗತಿಯವರೆಗೆ ನನ್ನ ಕೈಕೆಳಗೆ ಓದಿದವಳು. ತಪ್ಪು ಅವಳದಲ್ಲವೆಂದು ನಾನು ಉತ್ತರ ಬರೆದೆನು; ಯಾರದೆಂದು ಬರೆಯುವ ಧೈರ್ಯ ಬರಲಿಲ್ಲ.

ಅವಳು ಅಲ್ಲಿಯೇ ಉಳಿದಳು. ಬೆಳಿಗ್ಗೆ ಉತ್ತರವನ್ನಿಡುವುದನ್ನು ಬಿಟ್ಟು, ರಾತ್ರಿ ಎಲ್ಲರೊಂದಿಗೆ ಕುಳಿತು ತನಗೆ ತಿಳಿಯದುದನ್ನು ಮೊದಲು ಹೇಳತೊಡಗಿದಳಂತೆ. ಕಳೆದ ತಿಂಗಳು ಊರಿಗೆ ಬಂದಿದ್ದಾಗ ಜಗುಲಿಯ ಮೇಲೆ ಕುಳಿತು ಕೇಳಿದಳು: “ದೊಡ್ಡಪ್ಪ, ಸ್ಲೇಟು ತೋರಿಸಿದನೆಂದು ನೀವು ಒಬ್ಬ ಹುಡುಗನನ್ನು ಇಡೀ ದಿನ ಬೆಂಚಿನ ಮೇಲೆ ನಿಲ್ಲಿಸಿದಿರಲ್ಲ, ನೆನಪಿದೆಯೆ?”

ನೆನಪಿತ್ತು.

“ಅವನು ತೋರಿಸಿದ್ದು ನನಗೆ. ಆ ದಿನದ ಲೆಕ್ಕ ನನಗೆ ಬಂದಿರಲಿಲ್ಲ. ನಾನು ಸುಮ್ಮನಿದ್ದುಬಿಟ್ಟೆ.”

ಆ ಹುಡುಗನು ಈಗ ನಮ್ಮ ಬಸ್ ನಿಲ್ದಾಣದ ಪಕ್ಕದಲ್ಲಿ ಟೈರಿನ ಅಂಗಡಿ ಇಟ್ಟುಕೊಂಡಿದ್ದಾನೆ, ಇಬ್ಬರು ಆಳುಗಳಿದ್ದಾರೆ. ಮರುದಿನ ಬೆಳಿಗ್ಗೆ ನಾವಿಬ್ಬರೂ ಅಲ್ಲಿಗೆ ಹೋದೆವು. ಅವನು ಕೈಯೊರಸಿಕೊಂಡು ಬಂದು, ಸ್ಟೂಲು ಹಾಕಿಸಿ, ಕಾಫಿ ತರಿಸಿದನು. ಇವಳು ಹಳೆಯ ಮಾತನ್ನೆತ್ತಿದಳು. ಅವನು ಸ್ವಲ್ಪ ಹೊತ್ತು ಯೋಚಿಸಿ, ನಕ್ಕು, “ಭಾಗಾಕಾರದ ಲೆಕ್ಕವಲ್ಲವೇ ಮೇಷ್ಟ್ರೇ?” ಎಂದನು.