ತಂಗಿ ಬಿ.ಎಸ್ಸಿ. ಗಣಿತ ಕೇಳುತ್ತಿದ್ದಾಳೆ

ದ್ವಿತೀಯ ಪಿಯುಸಿಯಲ್ಲಿ ತಂಗಿಗೆ ಗಣಿತದಲ್ಲಿ 98 ಬಂತು. ಮನೆಯವರೆಲ್ಲ ಸಿಇಟಿ ರ‍್ಯಾಂಕಿನ ಮಾತಲ್ಲಿದ್ದಾಗ ಅವಳು ಮೆಲ್ಲಗೆ, ‘ನಾನು ಬಿ.ಎಸ್ಸಿ. ಮ್ಯಾಥ್ಸ್ ಓದ್ತೀನಿ’ ಅಂದಳು. ಅಪ್ಪ ಕೇಳಿದ್ದು ಒಂದೇ ಮಾತು: ‘ಓದಿ?’ ಎದುರುಮನೆ ಆಂಟಿ ಉತ್ತರ ತಾವೇ ಕೊಟ್ಟರು, ‘ಬಿ.ಎಡ್. ಮಾಡಿ ಟೀಚರ್ ಆಗ್ತಾಳೆ ಬಿಡಿ.’

ನಾನು ಮೆಕ್ಯಾನಿಕಲ್ ಬಿ.ಇ. ಐದನೇ ಸೆಮಿಸ್ಟರ್. ಎಂಜಿನಿಯರಿಂಗ್ ಗಣಿತವನ್ನು ಎರಡನೇ ಸಲ ಬರೆದು ಪಾಸಾದವನು. ಆದರೂ ಮನೆಯಲ್ಲಿ ಲೆಕ್ಕ ಹಾಕುವ ಕೆಲಸ ನನಗೇ ಬಂತು.

ಅಪ್ಪನ ಜೆರಾಕ್ಸ್ ಅಂಗಡಿಯ ಹಾಳೆಯ ಹಿಂಬದಿಯಲ್ಲೇ ಬರೆದೆ. ಶುಲ್ಕ, ಹಾಸ್ಟೆಲ್, ಬಸ್ಸು, ಪುಸ್ತಕ ಎಲ್ಲ ಸೇರಿ ನನಗೆ ವರ್ಷಕ್ಕೆ ಒಂದೂಮುಕ್ಕಾಲು ಲಕ್ಷ. ನಾಲ್ಕು ವರ್ಷಕ್ಕೆ 7 ಲಕ್ಷ. ಅದರಲ್ಲಿ 4 ಲಕ್ಷ ಬ್ಯಾಂಕಿನ ಸಾಲ. ಓದು ಮುಗಿದು ಒಂದು ವರ್ಷದ ತನಕ ಕಂತು ಕಟ್ಟಬೇಕಿಲ್ಲ ಎಂದು ನಾವೆಲ್ಲ ಖುಷಿಪಡುತ್ತೇವೆ, ಬಡ್ಡಿ ಮಾತ್ರ ಮೊದಲ ದಿನದಿಂದಲೇ ಓಡುತ್ತಿರುತ್ತದೆ. ತಂಗಿ ಮನೆಯಿಂದಲೇ ಸರ್ಕಾರಿ ಕಾಲೇಜಿಗೆ ಹೋದರೆ ಮೂರು ವರ್ಷಕ್ಕೆ 50 ಸಾವಿರ ದಾಟುವುದಿಲ್ಲ. ಆಮೇಲೆ ಬೇರೆ ಊರಲ್ಲಿದ್ದು ಎಂ.ಎಸ್ಸಿ. ಮಾಡಲು ಇನ್ನೆರಡು ಲಕ್ಷ ಇಟ್ಟುಕೊಳ್ಳಿ. ನಮ್ಮ ಸೀನಿಯರ್‌ಗಳಲ್ಲಿ ಕೆಲಸ ಸಿಕ್ಕವರಿಗೆ ಸಿಕ್ಕಿದ್ದು ವರ್ಷಕ್ಕೆ ಮೂರೂವರೆ ಲಕ್ಷದ ಆಸುಪಾಸು. ನನಗೂ ಅಷ್ಟೇ ಸಿಕ್ಕಿ, ಒಂದು ಪೈಸೆಯನ್ನೂ ಖರ್ಚು ಮಾಡದಿದ್ದರೂ ಐದನೇ ವರ್ಷದ ಕೊನೆಗೆ ನಾನು ಮೂರೂವರೆ ಲಕ್ಷದ ಹಳ್ಳದಲ್ಲಿರುತ್ತೇನೆ, ಅವಳು ಎರಡೂವರೆ ಲಕ್ಷದ ಹಳ್ಳದಲ್ಲಿ. ಬೆಂಗಳೂರಿನ ಪಿ.ಜಿ. ಬಾಡಿಗೆ, ಊಟ ಸೇರಿಸಿದರೆ ನನ್ನ ಹಳ್ಳ ಇನ್ನೂ ಆಳ.

ಹಾಗಾದರೆ ಗಣಿತವೇ ಲಾಭ ಎಂದು ಬರೆದು ಮುಗಿಸಬಹುದಿತ್ತು. ಆದರೆ ಆ ಹಾಳೆಯಲ್ಲಿ ಬರದ ಖರ್ಚುಗಳಿವೆ. ನಮ್ಮ ಕಾಲೇಜಿಗೆ ಕಂಪನಿಗಳು ತಾವಾಗಿ ಬರುತ್ತವೆ, ಹತ್ತಾದರೂ ಬರುತ್ತವೆ. ತಾಲ್ಲೂಕಿನ ಪದವಿ ಕಾಲೇಜಿಗೆ ಯಾರು ಬರುತ್ತಾರೆ? ವಿಪ್ರೊದಂಥ ಕಂಪನಿಗಳು ಬಿ.ಎಸ್ಸಿ.ಯವರನ್ನು ಸೇರಿಸಿಕೊಂಡು, ಕೆಲಸದ ಜೊತೆಗೇ ಎಂ.ಟೆಕ್. ಓದಿಸುವುದುಂಟು, ಅದನ್ನು ವಿದ್ಯಾರ್ಥಿಯೇ ಹುಡುಕಿಕೊಂಡು ಹೋಗಬೇಕು. ಬರೀ ಬಿ.ಎಸ್ಸಿ.ಗೆ ನಿಂತರೆ ಬೆಲೆ ಕಡಿಮೆ. ಶಿಕ್ಷಕಿಯಾಗಲು ಇನ್ನೆರಡು ವರ್ಷ ಬಿ.ಎಡ್., ಪದವಿ ಕಾಲೇಜಿನಲ್ಲಿ ಪಾಠ ಮಾಡಲು ಎಂ.ಎಸ್ಸಿ. ಮೇಲೆ ಕೆ-ಸೆಟ್ ಅಥವಾ ನೆಟ್. ಅದಾದ ಮೇಲೂ ಎಷ್ಟೋ ಮಂದಿ ಅತಿಥಿ ಉಪನ್ಯಾಸಕರಾಗಿ ವರ್ಷ ವರ್ಷ ಕಾಯುತ್ತಿರುವುದನ್ನು ನೋಡುತ್ತಿದ್ದೇವೆ. ಹೆಣ್ಣುಮಗಳಾದರೆ ‘ಐದು ವರ್ಷ ಓದಿದರೆ ಮದುವೆ ಯಾವಾಗ’ ಎನ್ನುವ ಲೆಕ್ಕವೂ ಜೊತೆಗಿರುತ್ತದೆ. ನಾನು ಬಿ.ಇ. ಸೇರುವಾಗ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ.

ಅಪ್ಪನನ್ನು ಒಪ್ಪಿಸಲು ಸಿ.ಆರ್. ರಾವ್ ಅವರ ಕಥೆ ಹೇಳಿದೆ. 1920ರಲ್ಲಿ ನಮ್ಮ ಹೂವಿನಹಡಗಲಿಯಲ್ಲಿ ಹುಟ್ಟಿದವರು. ಗಣಿತದಲ್ಲಿ ಎಂ.ಎ. ಮುಗಿಸಿ ಕೆಲಸ ಹುಡುಕಿಕೊಂಡು ಕಲ್ಕತ್ತೆಗೆ ಹೋದರು, ಅದು ಸಿಗಲಿಲ್ಲ. 1941ರಲ್ಲಿ ಅಲ್ಲಿನ ಇಂಡಿಯನ್ ಸ್ಟಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್‌ಗೆ ತರಬೇತಿಗೆ ಸೇರಿದರು. 2023ರಲ್ಲಿ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಪ್ರಶಸ್ತಿ ಅವರದಾಯಿತು. ಅಪ್ಪ ಕೇಳಿಸಿಕೊಂಡು, ‘ಅವರು ರಾವ್ ಆದ್ರು. ಆಗದೇ ಉಳಿದ ನೂರು ಜನ ಏನಾದ್ರು?’ ಅಂದರು. ಎಸ್ಸೆಸ್ಸೆಲ್ಸಿ ಓದಿದ ಅಪ್ಪ ಸಂಖ್ಯಾಶಾಸ್ತ್ರದ ಅಸಲಿ ಪ್ರಶ್ನೆಯನ್ನೇ ಕೇಳಿಬಿಟ್ಟರು. ನನ್ನ ಬಳಿ ಉತ್ತರವಿರಲಿಲ್ಲ.

ಆದರೆ ಅದೇ ಪ್ರಶ್ನೆಯನ್ನು ಎಂಜಿನಿಯರಿಂಗ್‌ಗೂ ಕೇಳಬೇಕಲ್ಲವೇ? ನಮ್ಮ ಊರಲ್ಲಿ ಬಿ.ಇ. ಮುಗಿಸಿ ಮೊಬೈಲ್ ಅಂಗಡಿಯಲ್ಲಿ ಕುಳಿತವರಿದ್ದಾರೆ. ಅವರನ್ನು ನೋಡಿ ಯಾರೂ ‘ಬಿ.ಇ. ಓದಿ?’ ಅನ್ನುವುದಿಲ್ಲ, ‘ಅವನ ಹಣೆಬರಹ’ ಅನ್ನುತ್ತಾರೆ. ಗಣಿತ ಓದಿದವರಿಗೆ ಕೆಲಸ ಸಿಗದಿದ್ದರೆ ತಪ್ಪು ಪದವಿಯದು, ಎಂಜಿನಿಯರಿಗೆ ಸಿಗದಿದ್ದರೆ ತಪ್ಪು ಹಣೆಬರಹದ್ದು!

ನನಗೆ ಅನ್ನಿಸುವುದು, ಗಣಿತ ಪದವಿಯ ಲಾಭ ನಷ್ಟ ನಿಂತಿರುವುದು ಎಲ್ಲಿ, ಯಾವುದರ ಜೊತೆ ಓದುತ್ತೀರಿ ಎನ್ನುವುದರ ಮೇಲೆ. ಗೈಡ್ ಉರುಹೊಡೆದು ಪ್ರಮೇಯ ಒಪ್ಪಿಸುವ ಕಡೆ ಮೂರು ವರ್ಷ ಕಳೆದರೆ ಅಗ್ಗದ ಶುಲ್ಕವೂ ದುಬಾರಿಯೇ. ಸಂಖ್ಯಾಶಾಸ್ತ್ರ ಅಥವಾ ಕಂಪ್ಯೂಟರ್ ಸೈನ್ಸ್ ಜೊತೆಗಿದ್ದರೆ ಎಂಸಿಎ, ಡೇಟಾ ಕೆಲಸ, ವಿಮಾ ಕಂಪನಿಗಳ ಆಕ್ಚುರಿ ಪರೀಕ್ಷೆ ಎಲ್ಲವೂ ಎಟುಕುತ್ತವೆ. ಜ್ಯಾಮ್ ಪರೀಕ್ಷೆ ಬರೆದು ಐಐಟಿಯಲ್ಲಿ ಎಂ.ಎಸ್ಸಿ. ಸೇರಬಹುದು. ಪಿಯುಸಿ ಮಂಡಳಿಯ ಮೊದಲ ಶೇ 1ರೊಳಗೆ ಇರುವವರು ಮೂಲ ವಿಜ್ಞಾನ ಓದಿದರೆ ಇನ್‌ಸ್ಪೈರ್ ವಿದ್ಯಾರ್ಥಿವೇತನ ವರ್ಷಕ್ಕೆ 80 ಸಾವಿರದವರೆಗೆ ಸಿಗುತ್ತದೆ, ಎಂಜಿನಿಯರಿಂಗ್‌ನವರಿಗೆ ಇದಿಲ್ಲ.

ಬೆಂಗಳೂರಿನ ಮೈಸೂರು ರಸ್ತೆಯಲ್ಲೇ ಇಂಡಿಯನ್ ಸ್ಟಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್‌ನ ಕೇಂದ್ರವಿದೆ. ಅಲ್ಲಿನ ಬಿ.ಮ್ಯಾಥ್. ಪದವಿಗೆ ಪ್ರವೇಶ ಪರೀಕ್ಷೆ ಬರೆದು ಸೇರಿದವರಿಗೆ ಓದಲು ಅವರೇ ತಿಂಗಳು ತಿಂಗಳು ಹಣ ಕೊಡುತ್ತಾರೆ. ಇದು ನನಗೆ ಗೊತ್ತಾದದ್ದು ಅರ್ಜಿ ಹಾಕುವ ಕೊನೆಯ ದಿನ ಮುಗಿದ ಮೇಲೆ. ತಂಗಿಯ ಪಿಯು ಕಾಲೇಜಿನ ಗೋಡೆಯಲ್ಲಿ ನೀಟ್, ಸಿಇಟಿ ಕೋಚಿಂಗ್ ಫ್ಲೆಕ್ಸ್ ಬಿಟ್ಟರೆ ಬೇರೇನೂ ಇರಲಿಲ್ಲ. ಎರಡು ವರ್ಷ ಅವಳಿಗೆ ಒಬ್ಬರಾದರೂ ಇದನ್ನು ಹೇಳಲಿಲ್ಲ, ಅಣ್ಣನಾದ ನಾನೂ ಹೇಳಲಿಲ್ಲ.

ಈಗ ನಮ್ಮೂರ ಕಾಲೇಜಿನಲ್ಲಿ ಪಿಸಿಎಂ ಮಾತ್ರ ಇದೆ. ಸಂಖ್ಯಾಶಾಸ್ತ್ರ ಬೇಕೆಂದರೆ ಜಿಲ್ಲಾ ಕೇಂದ್ರಕ್ಕೆ ದಿನಾ ಬಸ್ಸು. ಬಸ್ ಪಾಸ್ ಸೇರಿಸಿ ಮತ್ತೆ ಲೆಕ್ಕ ಬರೆದುಕೊಟ್ಟಿದ್ದೇನೆ. ಅಪ್ಪ ಇನ್ನೂ ಹೂಂ ಅಂದಿಲ್ಲ. ಹಾಳೆಯನ್ನು ಮಾತ್ರ ಅಂಗಡಿಯ ಗಲ್ಲಾಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದಾರೆ.